ಹೊಳೆ ಕೇಳಿ: ಯೂಕಾನ್‌ಗೆ ಹೊರಟ ಮಗಳು

ಪ್ರಶ್ನೆ: ಕ್ಯಾಲ್ಗರಿಯಲ್ಲಿರುವ ಮಗಳು ಜೂನ್ ಕೊನೆಗೆ ಗೆಳತಿಯ ಜೊತೆ ಕೆನಡಾದ ಯೂಕಾನ್ ನದಿಗೆ ಕನೂ ದೋಣಿ ಇಳಿಸುತ್ತಾಳಂತೆ. ವೈಟ್‌ಹಾರ್ಸ್‌ನಿಂದ ಡಾಸನ್‌ವರೆಗೆ, ಹದಿನೈದು ದಿನ. ದಾರಿಯಲ್ಲಿ ‘ಫೈವ್ ಫಿಂಗರ್’ ಎಂಬ, ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ರ‍್ಯಾಪಿಡ್ ಇದೆ ಎಂದು ಓದಿದ ಮೇಲೆ ನನಗೆ ನಿದ್ದೆ ಇಲ್ಲ. ನೀವು ಹೋಗಿ ಬಂದವರು. ಕಳಿಸಲಾ, ಬೇಡವಾ?
— ಓದುಗಿ, ಸಾಗರ

ಉತ್ತರ: ಕಳಿಸಿ. ದುಡಿಯುವ ಮಗಳು ಇನ್ನೂ ನಿಮ್ಮನ್ನು ಕೇಳುತ್ತಾಳೆ ಅಂದರೆ ನೀವು ಪುಣ್ಯವಂತರು. ಆದರೆ ಹೆದರಬೇಕಾದದ್ದು ಅಲ್ಲಿ ಅಲ್ಲ.

ಫೈವ್ ಫಿಂಗರ್‌ನಲ್ಲಿ ನಾಲ್ಕು ಬಂಡೆಗಳು ಹೊಳೆಯನ್ನು ಐದಾಗಿ ಸೀಳಿವೆ. ಬಲದಂಡೆಯ ಕವಲು ಹಿಡಿಯಬೇಕು. ಹಳೆಯ ಹಬೆಹಡಗುಗಳನ್ನು ಇಲ್ಲಿ ಉಕ್ಕಿನ ಹಗ್ಗ ಕಟ್ಟಿ ಮೇಲಕ್ಕೆ ಎಳೆಯುತ್ತಿದ್ದರು. ಕೆಳಮುಖವಾಗಿ ಬಂದ ನಾವು ಒಂದಷ್ಟು ಅಲೆ ಹತ್ತಿಳಿದೆವು, ಪ್ಯಾಂಟು ಒದ್ದೆಯಾಯಿತು, ಮುಗಿಯಿತು.

ಲಾಬರ್ಜ್ ಸರೋವರದ ಬಗ್ಗೆ ನೀವು ಕೇಳಲೇ ಇಲ್ಲ. ವೈಟ್‌ಹಾರ್ಸ್ ಬಿಟ್ಟು ಸ್ವಲ್ಪ ದೂರಕ್ಕೇ ಹೊಳೆ ಅದರೊಳಗೆ ಹೊಗುತ್ತದೆ. ಸುಮಾರು 50 ಕಿಲೋಮೀಟರ್ ಉದ್ದ, ಸೆಳೆತವೇ ಇಲ್ಲ. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದ ನಿಮಗೆ ಶರಾವತಿ ಹಿನ್ನೀರಿನ ಮೇಲೆ ಗಾಳಿ ಎದ್ದರೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಕನೂನಲ್ಲಿ ಕೂತವರಿಗೂ ನೀರಿಗೂ ನಡುವೆ ಒಂದು ಗೇಣು ಅಂಚು, ಅಷ್ಟೇ.

ಅಲ್ಲಿ ನಾವು ಮಾಡಿದ ಎಡವಟ್ಟು ಕೇಳಿ. ಒಂದು ಕೊಲ್ಲಿ ಬಂತು. ದಡ ಬಳಸಿದರೆ ಸುತ್ತು ಜಾಸ್ತಿ ಅಂತ ಅಡ್ಡ ಹಾಯಿಸಿದೆವು. ಎಲೆ ಅಲುಗದ ಹೊತ್ತು. ನಡುವೆ ಬರುವಷ್ಟರಲ್ಲಿ ಗಾಳಿ ಎದ್ದಿತು, ಅಲೆ ಅಂಚು ದಾಟಿ ಒಳಗೆ ಬಂತು. ನಾನು ಹುಟ್ಟು ಹಾಕುವುದು, ಜೊತೆಗಾರ ಟೀ ಪಾತ್ರೆಯಲ್ಲಿ ನೀರು ಮೊಗೆಯುವುದು. ಹೇಗೋ ದಡ ಸೇರಿ ಮರುದಿನ ನಸುಕಿನವರೆಗೆ ಕಲ್ಲಿನ ಮೇಲೆ ಕೂತೆವು. ಅರ್ಧ ಗಂಟೆ ಉಳಿಸಲು ಹೋಗಿ ಒಂದು ದಿನ ಹೋಯಿತು. ಮೇ ತಿಂಗಳಲ್ಲೂ ಹೆಪ್ಪುಗಟ್ಟಿರುವ ನೀರು ಅದು. ಬಿದ್ದರೆ ಹತ್ತು ನಿಮಿಷದಲ್ಲಿ ಬೆರಳು ಹೇಳಿದ ಮಾತು ಕೇಳುವುದಿಲ್ಲ, ಎಷ್ಟೇ ಈಜು ಬಂದರೂ.

ಆದ್ದರಿಂದ ಸರೋವರದಲ್ಲಿ ದಡ ಬಿಡುವುದು ಬೇಡ, ಲೈಫ್ ಜಾಕೆಟ್ ಬಿಚ್ಚುವುದು ಬೇಡ. ಬೆಳಗಿನ ನಾಲ್ಕಕ್ಕೇ ಹೊರಡಲಿ. ಜೂನ್‌ನಲ್ಲಿ ಅಲ್ಲಿ ರಾತ್ರಿಯೂ ಸರಿಯಾಗಿ ಕತ್ತಲಾಗುವುದಿಲ್ಲ. (ನಾಲ್ಕಕ್ಕೆ ಏಳುವ ಮಗಳಾ? ಅದು ನಿಮಗೇ ಗೊತ್ತು.) ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಒಂದು ಕೈಯಲ್ಲಿರಲಿ. ಒಟ್ಟು 715 ಕಿಲೋಮೀಟರ್‌ನಲ್ಲಿ ಅರ್ಧದ ಹತ್ತಿರ ಕಾರ್ಮ್ಯಾಕ್ಸ್ ಅಂತ ಊರಿದೆ, ಹೆದ್ದಾರಿ ಸೇತುವೆ, ಅಂಗಡಿ ಎಲ್ಲ ಇದೆ. ಅಲ್ಲಿಂದ ಫೋನ್ ಬರುತ್ತದೆ. ಫೈವ್ ಫಿಂಗರ್ ಅದರಾಚೆ. ಫೋನಿನಲ್ಲಿ ಅದರ ಸುದ್ದಿ ಎತ್ತಬೇಡಿ.

ಇನ್ನೊಂದು. ಡಾಸನ್‌ಗೆ ಎರಡು ದಿನದ ದಾರಿ ಇರುವಾಗ ವೈಟ್ ರಿವರ್ ಬಂದು ಸೇರುತ್ತದೆ. ಅದು ತರುವ ಹೂಳು ದೋಣಿಯ ತಳಕ್ಕೆ ಉಜ್ಜಿ, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಸುಂಯ್ ಅನ್ನುತ್ತದೆ. ದೋಣಿ ತೂತಾಯಿತು ಅಂತ ನಾನು ತಳವೆಲ್ಲ ತಡಕಿದ್ದೆ. ಅಲ್ಲಿಂದ ಮುಂದೆ ಕುಡಿಯುವ ನೀರಿಗೆ ಪಕ್ಕದ ತೊರೆಗಳೇ ಗತಿ.

ಪ್ರಶ್ನೆ: ಕನೂ, ಕಯಾಕ್ ಎರಡೂ ಒಂದೇ ಅಲ್ವಾ?
— ಓದುಗ, ದಾಂಡೇಲಿ

ಉತ್ತರ: ಅಲ್ಲ. ಕನೂ ಮೇಲೆ ತೆರೆದಿರುತ್ತದೆ, ಹುಟ್ಟಿಗೆ ಒಂದೇ ಅಲಗು. ನದಿಯ ಕಯಾಕ್‌ಗೆ ಸಾಮಾನ್ಯವಾಗಿ ಮುಚ್ಚಳ, ಹುಟ್ಟಿಗೆ ಎರಡು ಅಲಗು. ನಿಮ್ಮ ಕಾಳಿಯ ಬಿಳಿನೊರೆಗೆ ಕಯಾಕ್ ವಾಸಿ. ಹದಿನೈದು ದಿನದ ಅಕ್ಕಿ, ಟೆಂಟು ಹೊರಲು ಕನೂ.

ಪ್ರಶ್ನೆ: ಅಲ್ಲಿ ಕರಡಿ ಇಲ್ಲವಾ? ಊಟಕ್ಕೆ ಏನು ಒಯ್ದಿರಿ?
— ಓದುಗ, ಧಾರವಾಡ

ಉತ್ತರ: ಇದೆ. ಒಂದನ್ನು ದೋಣಿಯಿಂದಲೇ ಕಂಡೆವು, ದಡದಲ್ಲಿ ಹಣ್ಣು ತಿನ್ನುತ್ತಿತ್ತು. ಅಡುಗೆ ಟೆಂಟಿನಿಂದ ದೂರ ಮಾಡಬೇಕು. ಟೂತ್‌ಪೇಸ್ಟ್ ಸೇರಿ ವಾಸನೆ ಇರುವುದೆಲ್ಲ ಗಟ್ಟಿ ಡಬ್ಬಿಗೆ. ನಾವು ಅವಲಕ್ಕಿ, ಉಪ್ಪಿಟ್ಟಿನ ರವೆ, ಬೆಳ್ಳುಳ್ಳಿ ಚಟ್ನಿಪುಡಿ ಒಯ್ದಿದ್ದೆವು. ಒಂದು ರಾತ್ರಿ ಮಲಗಿದ ಮೇಲೆ ಜೊತೆಗಾರನ ಜೇಬಿನಲ್ಲಿ ಚಟ್ನಿಪುಡಿ ಪೊಟ್ಟಣ ಸಿಕ್ಕಿತು. ಡಬ್ಬಿಗೆ ಹಾಕಿ ಬರಲು ಯಾರು ಹೋಗಬೇಕು ಅಂತ ಅರ್ಧ ಗಂಟೆ ಜಗಳ. ಕೊನೆಗೆ ಇಬ್ಬರೂ ಹೋದೆವು, ಜೋರಾಗಿ ಹಾಡುತ್ತಾ.