ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೇಂದ್ರ ಮಂತ್ರಿಯಾಗುವಷ್ಟು ಮೇಲೆ ಬಂದಿದ್ದು ಹೇಗೆ? ಅವರ ಮನೆ ವಿಷಯ ಕೋರ್ಟಿಗೆ ಹೋಗಿದ್ದು ಯಾಕೆ?

ಜಾರ್ಜ್ ಹುಟ್ಟಿದ್ದು 1930ರಲ್ಲಿ, ಮಂಗಳೂರಲ್ಲಿ. ಪಾದ್ರಿ ಆಗಲಿ ಅಂತ ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು, ಒಳ್ಳೆ ಊಟ, ಹುಡುಗರಿಗೆ ಬೇರೆ. ಅದು ಸಹಿಸದೆ ಹೊರಬಂದರು. 1949ರಲ್ಲಿ ಮುಂಬೈ ಸೇರಿದರು. ಕೈಯಲ್ಲಿ ಕಾಸಿಲ್ಲ, ಚೌಪಾಟಿ ಕಡಲತೀರದ ಬೆಂಚೇ ಹಾಸಿಗೆ. ನಡುರಾತ್ರಿ ಪೊಲೀಸ್ ಬಂದು ಎಬ್ಬಿಸುತ್ತಿದ್ದ!

ಆಮೇಲೆ ಕಾರ್ಮಿಕ ಸಂಘದ ನಾಯಕರಾದರು. 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನೇ ಸೋಲಿಸಿದರು. 1974ರಲ್ಲಿ ರೈಲು ಮುಷ್ಕರದ ಮುಂದಾಳತ್ವ, ತುರ್ತು ಪರಿಸ್ಥಿತಿಯಲ್ಲಿ ಜೈಲು. 1977ರಲ್ಲಿ ಜೈಲಲ್ಲಿದ್ದುಕೊಂಡೇ ಬಿಹಾರದ ಮುಜಫರ್‌ಪುರ ಗೆದ್ದರು. ಬೇಡಿ ಹಾಕಿದ ಕೈ ಎತ್ತಿದ ಆ ಫೋಟೋ ನೀವೂ ನೋಡಿರುತ್ತೀರಿ, ಅಲ್ವಾ? ಮುಂದೆ ಕೈಗಾರಿಕೆ, ರೈಲ್ವೆ, ರಕ್ಷಣಾ ಖಾತೆ. ನಮ್ಮ ಕರಾವಳಿಯವರಿಗೆ ಮಾತ್ರ ಅವರು ಕೊಂಕಣ ರೈಲಿನ ಜಾರ್ಜ್. ಉಡುಪಿಯಲ್ಲಿ ರೈಲು ಹತ್ತುವಾಗ ನನಗೆ ಅವರ ನೆನಪಾಗುವುದೇ ಜಾಸ್ತಿ.

ಇನ್ನು ಮನೆ ವಿಷಯ. 1971ರಲ್ಲಿ ಲೈಲಾ ಕಬೀರ್ ಅವರನ್ನು ಮದುವೆಯಾದರು. ಒಬ್ಬ ಮಗ. 80ರ ದಶಕದಲ್ಲಿ ಇಬ್ಬರೂ ಬೇರೆಯಾದರು, ಆದರೆ ಡೈವೋರ್ಸ್ ಆಗಲಿಲ್ಲ. ಮುಂದಿನ ಎರಡು ದಶಕಕ್ಕೂ ಹೆಚ್ಚು ಕಾಲ ಜೊತೆಗಿದ್ದವರು ಪಕ್ಷದ ಸಂಗಾತಿ ಜಯಾ ಜೇಟ್ಲಿ. ಜಾರ್ಜ್‌ಗೆ ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಬಂತು. 2010ರಲ್ಲಿ ಲೈಲಾ ಮರಳಿ ಬಂದು ಅವರ ಆರೈಕೆ ವಹಿಸಿಕೊಂಡರು. ಕಾಗದದ ಮೇಲೆ ಹೆಂಡತಿ ಅವರೇ ತಾನೆ? ಜಯಾ ಅವರಿಗೆ ಭೇಟಿಗೂ ಅವಕಾಶ ಸಿಗದೆ ಹೋಯಿತು. ಭೇಟಿಗೆ ಅವಕಾಶ ಕೊಡಿ ಅಂತ ಜಯಾ, ಜಾರ್ಜ್ ಅವರ ತಮ್ಮಂದಿರು ಕೋರ್ಟ್ ಮೆಟ್ಟಿಲು ಹತ್ತಿದರು. ಕೊನೆಗೆ ಸುಪ್ರೀಂ ಕೋರ್ಟ್ ಜಯಾ ಅವರಿಗೆ ಆಗಾಗ ನೋಡಿ ಬರಲು ಬಿಟ್ಟಿತು. ಅಷ್ಟರಲ್ಲಿ ಜಾರ್ಜ್‌ಗೆ ಯಾರ ಗುರುತೂ ಸರಿಯಾಗಿ ಹತ್ತುತ್ತಿರಲಿಲ್ಲ. 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು.