ಗ್ರಹಣದ ಉಪವಾಸವನ್ನು ಪ್ರಶ್ನಿಸಿದರೆ ಅಪಚಾರವೇ?

ಮದ್ದೂರಿನ ಸೋದರಿ, ಗರ್ಭಿಣಿ ಗ್ರಹಣದಲ್ಲಿ ನೀರೂ ಮುಟ್ಟಬಾರದು ಎಂಬ ಅತ್ತೆಯ ಮಾತನ್ನು ಪ್ರಶ್ನಿಸಿದರೆ ದೇವರಿಗೆ ಅಪಚಾರವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಬಾಲರು, ವೃದ್ಧರು, ರೋಗಿಗಳಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ; ಗರ್ಭಿಣಿಯರಿಗೂ ಸಡಿಲಿಸುವ ಪಂಚಾಂಗಗಳಿವೆ. ಅತ್ತೆಯವರ ಮುಂದೆ ಮೊದಲು ಇದನ್ನೇ ಇಡಿ, ವಿಜ್ಞಾನ ಆಮೇಲೆ.

ಪಂಚಾಂಗ ಗ್ರಹಣದ ಸ್ಪರ್ಶ (ಹಿಡಿಯುವುದು), ಮೋಕ್ಷದ (ಬಿಡುವುದು) ಹೊತ್ತನ್ನು ಹೇಳುವುದೇ ಗಣಿತದಿಂದ. ಚಂದ್ರನ ದಾರಿ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ಕೂಡುವ ಬಿಂದುಗಳೇ ರಾಹು, ಕೇತು. ಸೂರ್ಯ, ಚಂದ್ರ ಈ ಬಿಂದುಗಳ ಹತ್ತಿರವಿದ್ದರೆ ಮಾತ್ರ ಗ್ರಹಣ; ಅದಕ್ಕೇ ಪ್ರತಿ ಅಮಾವಾಸ್ಯೆಗೂ ಗ್ರಹಣವಿಲ್ಲ. ಗ್ರಹಣಕ್ಕೆ ನೆರಳೇ ಕಾರಣ ಅಂತ ಆರ್ಯಭಟ ಕ್ರಿ.ಶ. 499ರ ಸುಮಾರಿಗೇ ಬರೆದಿದ್ದಾನೆ.

ಆ ನೆರಳು ಅಡುಗೆಯನ್ನೂ ಕೂಸನ್ನೂ ಕೆಡಿಸದು. ಗಂಟೆಗಟ್ಟಲೆ ನೀರಿಲ್ಲದಿರುವುದು ಮಾತ್ರ ಕೆಡಿಸೀತು. ಇನ್ಸುಲಿನ್ ತಗೊಳ್ಳುತ್ತಿದ್ದರಂತೂ ಉಪವಾಸದ ಮಾತೇ ಬೇಡ, ಸಕ್ಕರೆ ಇಳಿದುಬಿಡುತ್ತೆ. ದರ್ಭೆ, ಜಪ, ಮೋಕ್ಷದ ಸ್ನಾನ ಇರಲಿ, ಯಾರಿಗೇನು ನಷ್ಟ?

ಸೂರ್ಯಗ್ರಹಣಕ್ಕೆ ಎಕ್ಸ್‌ರೇ ಫಿಲ್ಮ್, ಸಗಣಿ ನೀರಿನ ತಟ್ಟೆ ಎರಡೂ ಬೇಡ: ಅಕ್ಷಿಪಟಲಕ್ಕೆ (ಕಣ್ಣಿನ ಒಳಪರದೆಗೆ) ನೋವು ತಿಳಿಯದು, ಸುಟ್ಟದ್ದು ಆಮೇಲೆ ಗೊತ್ತಾಗುವುದು. ರಟ್ಟಿಗೆ 1 ಮಿ.ಮೀ. ತೂತು ಕೊರೆದು ಸೂರ್ಯನಿಗೆ ಬೆನ್ನು ಮಾಡಿ ನಿಂತು, 1 ಮೀಟರ್ ದೂರದ ಬಿಳಿ ಹಾಳೆಗೆ ಬೆಳಕು ಬೀಳಿಸಿ. ಸುಮಾರು 9 ಮಿ.ಮೀ. ಬಿಂಬ ಮೂಡುತ್ತೆ. ಚಂದ್ರಗ್ರಹಣಕ್ಕೆ ಬರಿಗಣ್ಣೇ ಸಾಕು.