ಓದಿಗೆ ಸರ್ಕಾರದ ಹಣ, ಹಣಕ್ಕೆ ದುಡಿಮೆಯ ಕರಾರು

ಪ್ರಶ್ನೆ: ನಮ್ಮ ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು. ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಸೇರುತ್ತಿದ್ದಾಳೆ. ಓದು ಮುಗಿದ ಮೇಲೆ ಮಕ್ಕಳ ಕಲ್ಯಾಣ ಇಲಾಖೆಯಲ್ಲಿ ಕೆಲಸ ಮಾಡಲು ಒಪ್ಪಿದರೆ ಪ್ರತಿವರ್ಷ ದೊಡ್ಡ ಮೊತ್ತದ ಸ್ಟೈಪೆಂಡ್ ಸಿಗುತ್ತದೆ ಎಂದು ಒಂದು ಅರ್ಜಿ ತಂದಿದ್ದಾಳೆ. ಇದು ಸಾಲವೋ, ವಿದ್ಯಾರ್ಥಿವೇತನವೋ? ಇಷ್ಟು ಹಣವನ್ನು ಯಾರು, ಯಾಕೆ ಕೊಡುತ್ತಾರೆ?
ಓದುಗರೊಬ್ಬರು, ಸ್ಯಾಕ್ರಮೆಂಟೊ

ಉತ್ತರ: ಷರತ್ತು ಪೂರೈಸಿದರೆ ಇದು ವಿದ್ಯಾರ್ಥಿವೇತನ, ಪೂರೈಸದಿದ್ದರೆ ಸಾಲ. ಆದ್ದರಿಂದ ಇದನ್ನು ಮೊದಲಿನಿಂದಲೇ ಉದ್ಯೋಗದ ಕರಾರು ಎಂದು ತಿಳಿದು ಓದುವುದು ಒಳ್ಳೆಯದು. ಮೊತ್ತವನ್ನು ನೋಡಿ ಸಹಿ ಹಾಕಿ, ಕೆಲಸದ ವಿಚಾರವನ್ನು ಆಮೇಲೆ ನೋಡಿಕೊಳ್ಳೋಣ ಎನ್ನುವವರೇ ಮುಂದೆ ತೊಂದರೆಗೆ ಸಿಕ್ಕುವವರು.

ಹಣದ ಮೂಲ ಅಮೆರಿಕದ ಸಾಮಾಜಿಕ ಭದ್ರತಾ ಕಾಯ್ದೆಯ ‘ಟೈಟಲ್ ಫೋರ್-ಇ’ ಎಂಬ ಭಾಗದಲ್ಲಿದೆ. 1980ರ ಜೂನ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ದತ್ತು ನೆರವು ಮತ್ತು ಮಕ್ಕಳ ಕಲ್ಯಾಣ ಕಾಯ್ದೆಯಿಂದ ಈ ಭಾಗ ಹುಟ್ಟಿತು. ಹೆತ್ತವರಿಂದ ಬೇರ್ಪಡಿಸಬೇಕಾಗಿ ಬಂದ ಮಕ್ಕಳನ್ನು ಪೋಷಕ ಕುಟುಂಬಗಳಲ್ಲಿ, ಅಂದರೆ ಅಲ್ಲಿನವರು ಫಾಸ್ಟರ್ ಕೇರ್ ಎನ್ನುವ ವ್ಯವಸ್ಥೆಯಲ್ಲಿ, ಇರಿಸಿ ಸಲಹಲು ರಾಜ್ಯಗಳು ಮಾಡುವ ವೆಚ್ಚದಲ್ಲಿ ಒಂದು ಪಾಲನ್ನು ಕೇಂದ್ರ ಸರ್ಕಾರ ಈ ಭಾಗದಡಿ ಹಿಂದಿರುಗಿಸುತ್ತದೆ. ಆಡಳಿತ ವೆಚ್ಚಕ್ಕೆ ಕೇಂದ್ರದ ಪಾಲು ನೂರಕ್ಕೆ 50 ಇದ್ದರೆ, ತರಬೇತಿಯ ವೆಚ್ಚಕ್ಕೆ 75. ಈ ತರಬೇತಿ ಎಂಬುದರೊಳಗೆ ಈಗಾಗಲೇ ನೌಕರಿಯಲ್ಲಿರುವವರು ಮಾತ್ರವಲ್ಲ, ಆ ನೌಕರಿಗೆ ಸಿದ್ಧರಾಗುತ್ತಿರುವವರೂ ಸೇರುತ್ತಾರೆ. ವಿಶ್ವವಿದ್ಯಾಲಯದ ವಿದ್ಯಾರ್ಥಿನಿಗೆ ಸರ್ಕಾರ ಹಣ ಕೊಡಲು ದಾರಿಯಾದದ್ದು ಇಲ್ಲಿಯೇ. ಉಳಿದ ನೂರಕ್ಕೆ 25ನ್ನು ರಾಜ್ಯವು ತುಂಬಬೇಕು; ಹಲವು ಕಡೆ ಸರ್ಕಾರಿ ವಿಶ್ವವಿದ್ಯಾಲಯವು ತನ್ನ ಅಧ್ಯಾಪಕರ ಸಂಬಳದಂತಹ ವೆಚ್ಚಗಳನ್ನೇ ಈ ಪಾಲಾಗಿ ತೋರಿಸುತ್ತದೆ.

ಕಾಗದದ ಮೇಲಿನ 75 ಕೈಗೆ ಬರುವಾಗ 75 ಆಗಿ ಉಳಿಯುವುದಿಲ್ಲ ಎಂಬುದು ಬೇರೆ ಮಾತು. ಟೈಟಲ್ ಫೋರ್-ಇ ನೆರವಿಗೆ ಒಂದು ಮಗು ಅರ್ಹವೇ ಎಂದು ನಿರ್ಧರಿಸಲು, ಆ ಮಗುವಿನ ಮೂಲ ಕುಟುಂಬವು 1996ರಲ್ಲಿ ರದ್ದಾದ ಹಳೆಯ ಬಡಕುಟುಂಬ ನೆರವು ಯೋಜನೆಯ ಆದಾಯ ಮಿತಿಯೊಳಗೆ ಬರುತ್ತಿತ್ತೇ ಎಂದು ಈಗಲೂ ನೋಡುತ್ತಾರೆ. ಬೆಲೆಗಳು ಏರಿದರೂ ಆ ಮಿತಿ ಅಲ್ಲೇ ನಿಂತಿರುವುದರಿಂದ ಅರ್ಹ ಮಕ್ಕಳ ಪ್ರಮಾಣ ಇಳಿಯುತ್ತಾ ಬಂದಿದೆ, ಅದಕ್ಕೆ ಅನುಗುಣವಾಗಿ ತರಬೇತಿಗೆ ರಾಜ್ಯಗಳು ಕೇಳಬಹುದಾದ ಹಣವೂ ತಗ್ಗಿದೆ. ಸೀಟುಗಳು ಕಡಿಮೆ ಇರುವುದಕ್ಕೆ ಮತ್ತು ಸಂದರ್ಶನ ಬಿಗಿಯಾಗಿರುವುದಕ್ಕೆ ಇದೂ ಒಂದು ಕಾರಣ.

ನಿಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಸಂಘಟಿಸಿದ್ದು 1990ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ‘ಕ್ಯಾಲ್‌ಸ್ವೆಕ್’ ಎಂಬ ಒಕ್ಕೂಟ. ಸಮಾಜಕಾರ್ಯ ಬೋಧಿಸುವ ವಿಶ್ವವಿದ್ಯಾಲಯಗಳು ಮತ್ತು ಕೌಂಟಿಗಳ, ಅಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಘಟಕಗಳ, ಮಕ್ಕಳ ಕಲ್ಯಾಣ ಇಲಾಖೆಗಳು ಇದರಲ್ಲಿ ಒಟ್ಟಾಗಿವೆ. ಪೂರ್ಣಾವಧಿ ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿಗೆ ವರ್ಷಕ್ಕೆ 18,500 ಡಾಲರ್ ಎಂಬ ಮೊತ್ತ ಅಲ್ಲಿ ಬಹುಕಾಲ ನಡೆದುಬಂದಿತ್ತು. ಈ ವರ್ಷದ ಮೊತ್ತವನ್ನು ನಿಮ್ಮ ಮಗಳು ತಂದಿರುವ ಅರ್ಜಿಯಲ್ಲೇ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಕಲ್ಯಾಣದ ದಿನನಿತ್ಯದ ಕೆಲಸವನ್ನು ನಡೆಸುವುದು ರಾಜ್ಯವಲ್ಲ, 58 ಕೌಂಟಿಗಳು. ಆದ್ದರಿಂದ ಕೆಲಸ ಮನೆಯ ಹತ್ತಿರವೇ ಸಿಗುತ್ತದೆ ಎಂಬ ಎಣಿಕೆಯಲ್ಲಿ ಸಹಿ ಹಾಕಬೇಡಿ. ಸ್ಯಾಕ್ರಮೆಂಟೊದಲ್ಲಿ ಖಾಲಿ ಹುದ್ದೆ ಇಲ್ಲದಿದ್ದರೆ ಗಂಟೆಗಟ್ಟಲೆ ದೂರದ ಇನ್ನೊಂದು ಕೌಂಟಿಗೆ ಹೋಗಬೇಕಾದೀತು. ಇನ್ನೊಂದು ಸಣ್ಣ ಸಂಗತಿ: ಮುಂದೆ ಮಾಡಬೇಕಾದ ಕೆಲಸಕ್ಕೆ ಪ್ರತಿಯಾಗಿ ಕೊಡುವ ಹಣವಾದ್ದರಿಂದ ಇದರ ಮೇಲೆ ಆದಾಯ ತೆರಿಗೆ ಬೀಳುವ ಸಂಭವವಿದೆ, ಪೂರ್ತಿ ಮೊತ್ತವನ್ನು ಶುಲ್ಕಕ್ಕೆಂದು ಲೆಕ್ಕ ಹಾಕುವ ಮೊದಲು ತೆರಿಗೆ ಸಲಹೆಗಾರರನ್ನು ಕೇಳಿ.

ಪ್ರಶ್ನೆ: ಇಂಥ ಬಾಂಡಿಗೆ ಸಹಿ ಹಾಕಿದ ಮೇಲೆ ಕೆಲಸ ಒಗ್ಗದಿದ್ದರೆ ಏನಾಗುತ್ತದೆ? ಇಲಾಖೆಯೇ ಕೆಲಸ ಕೊಡದಿದ್ದರೆ?
ಓದುಗರೊಬ್ಬರು, ಡಲ್ಲಾಸ್

ಉತ್ತರ: ಕರ್ನಾಟಕದಲ್ಲಿ ವೈದ್ಯಕೀಯ ಪದವೀಧರರಿಗೆ ವಿಧಿಸಿದ್ದ ಕಡ್ಡಾಯ ಗ್ರಾಮೀಣ ಸೇವೆಯ ಮಾತು ಕೇಳಿದವರಿಗೆ ಇದರ ಸ್ವರೂಪ ಬೇಗ ತಿಳಿಯುತ್ತದೆ, ಆದರೆ ಇಲ್ಲಿ ಕಟ್ಟುಪಾಡು ಹಣ ಪಡೆದವರಿಗೆ ಮಾತ್ರ. ಕೇಂದ್ರದ ನಿಯಮದ ಪ್ರಕಾರ ಎಷ್ಟು ಅವಧಿಗೆ ನೆರವು ಪಡೆದಿದ್ದಾರೋ ಕನಿಷ್ಠ ಅಷ್ಟು ಅವಧಿ ಇಲಾಖೆಯಲ್ಲಿ ದುಡಿಯಬೇಕು. ನಡುವೆ ಬಿಟ್ಟರೆ ಬಾಕಿ ಅವಧಿಗೆ ತಕ್ಕ ಹಣವನ್ನು ಮರಳಿಸಬೇಕು. ಬಡ್ಡಿ, ಕಂತು, ವಿನಾಯಿತಿ ಇವೆಲ್ಲ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತವೆ.

ಕರಾರು ಒಂದೇ ಕಡೆಗೆ ಬಿಗಿದದ್ದಲ್ಲ ಎಂಬುದನ್ನು ಬಹಳ ವಿದ್ಯಾರ್ಥಿಗಳು ಗಮನಿಸುವುದಿಲ್ಲ. ತರಬೇತಿ ಮುಗಿದ ಎರಡು ತಿಂಗಳೊಳಗೆ ಕೆಲಸ ಕೊಟ್ಟರೆ ಮಾತ್ರ ಈ ಕಟ್ಟುಪಾಡು ಜಾರಿಗೆ ಬರುತ್ತದೆ ಎಂದು ಅದೇ ನಿಯಮ ಹೇಳುತ್ತದೆ. ಬಜೆಟ್ ಕಡಿತದಿಂದಲೋ ನೇಮಕಾತಿ ನಿಲ್ಲಿಸಿದ್ದರಿಂದಲೋ ಇಲಾಖೆ ಕೆಲಸ ಕೊಡಲಾಗದಿದ್ದರೆ, ಅಭ್ಯರ್ಥಿಯನ್ನು ಕರಾರಿನಿಂದ ಬಿಡುಗಡೆ ಮಾಡಬೇಕು. ಈ ಎರಡೂ ಅಂಶಗಳು ನಿಮ್ಮ ರಾಜ್ಯದ ಕರಾರು ಪತ್ರದಲ್ಲಿ ಯಾವ ಮಾತುಗಳಲ್ಲಿ ಬಂದಿವೆ ಎಂಬುದನ್ನು ಸಹಿಗೆ ಮೊದಲು ಓದಿ. ‘ಕೆಲಸ ಕೊಡುವುದು’ ಎಂದರೆ ರಾಜ್ಯದ ಯಾವ ಮೂಲೆಯ ಯಾವ ಹುದ್ದೆಯೂ ಆದೀತೇ, ಒಂದನ್ನು ನಿರಾಕರಿಸಿದರೆ ಇನ್ನೊಂದಕ್ಕೆ ಕಾಯಬಹುದೇ, ಹೆರಿಗೆಯೋ ಕಾಯಿಲೆಯೋ ಬಂದರೆ ಅವಧಿ ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಉತ್ತರ ಪಡೆಯಿರಿ.

ಕೆಲಸ ಒಗ್ಗುತ್ತದೆಯೇ ಎಂಬುದು ಇದಕ್ಕಿಂತ ಗಂಭೀರವಾದ ಪ್ರಶ್ನೆ. ಮಗುವಿಗೆ ಹೊಡೆತ, ಹಸಿವು, ನಿರ್ಲಕ್ಷ್ಯ ಆಗುತ್ತಿದೆ ಎಂಬ ದೂರು ಬಂದಾಗ ಗುರುತು ಪರಿಚಯವಿಲ್ಲದ ಮನೆಯ ಬಾಗಿಲು ತಟ್ಟಬೇಕು. ಮಗು ಅಲ್ಲೇ ಇರಬಹುದೋ ಇಲ್ಲವೋ ಎಂದು ನಿರ್ಧರಿಸಿ ನ್ಯಾಯಾಲಯದ ಮುಂದೆ ಅದಕ್ಕೆ ಕಾರಣ ಕೊಡಬೇಕು. ಜೊತೆಗೆ ಗಡುವುಗಳಿವೆ. 1997ರ ಕಾಯ್ದೆಯ ಪ್ರಕಾರ ಮಗು ಹೊರಗಿನ ಆರೈಕೆಗೆ ಬಂದ 12 ತಿಂಗಳೊಳಗೆ ಅದರ ಶಾಶ್ವತ ನೆಲೆಯ ಬಗ್ಗೆ ವಿಚಾರಣೆ ನಡೆಯಬೇಕು, ಮತ್ತು ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಹೊರಗೇ ಉಳಿದಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ಕೊನೆಗೊಳಿಸುವಂತೆ ಇಲಾಖೆ ಅರ್ಜಿ ಹಾಕಬೇಕು. ಮಾದಕ ವ್ಯಸನದಿಂದ ಹೊರಬರಲು ಹೆಣಗುತ್ತಿರುವ ತಾಯಿಯ ವಿರುದ್ಧ ಅಂಥ ಅರ್ಜಿಗೆ ಸಹಿ ಹಾಕುವ ಕೈ ಇಪ್ಪತ್ತನಾಲ್ಕು ವರ್ಷದ ಹೊಸ ಕೆಲಸಗಾರ್ತಿಯದೇ ಆಗಿರಬಹುದು. ಎಂ.ಎಸ್.ಡಬ್ಲ್ಯೂ.ಗೆ ಅಮೆರಿಕದಲ್ಲಿ ಕನಿಷ್ಠ 900 ಗಂಟೆಗಳ ಕ್ಷೇತ್ರಕಾರ್ಯ ಕಡ್ಡಾಯ. ಸ್ಟೈಪೆಂಡ್ ಪಡೆದವರು ಅದರ ಒಂದು ಭಾಗವನ್ನಾದರೂ ಮಕ್ಕಳ ಕಲ್ಯಾಣ ಕಚೇರಿಯಲ್ಲೇ ಮಾಡುತ್ತಾರೆ. ಈ ಗಂಟೆಗಳೇ ನಿಮ್ಮ ಪರೀಕ್ಷಾ ಕಾಲ. ಮೊದಲ ವರ್ಷದಲ್ಲೇ ಆಗದು ಎನಿಸಿದರೆ ಎರಡನೇ ವರ್ಷದ ಹಣ ಪಡೆಯುವ ಮೊದಲು ಹಿಂದೆ ಸರಿಯಿರಿ, ಹೊರೆ ಅರ್ಧದಲ್ಲಿ ನಿಲ್ಲುತ್ತದೆ.

ಪ್ರಶ್ನೆ: ನಾನು ಇಲ್ಲಿ ಬಿ.ಎಸ್.ಡಬ್ಲ್ಯೂ. ಓದುತ್ತಿದ್ದೇನೆ. ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ ಈ ಸ್ಟೈಪೆಂಡ್ ಪಡೆಯಬಹುದೇ?
ವಿದ್ಯಾರ್ಥಿನಿ, ಧಾರವಾಡ

ಉತ್ತರ: ಇದನ್ನು ನೆಚ್ಚಿಕೊಂಡು ಹೊರಡಬೇಡಿ. ಓದಿನ ನಂತರ ಎರಡು ವರ್ಷ ಸರ್ಕಾರಿ ಇಲಾಖೆಯಲ್ಲಿ ದುಡಿಯುವ ಕಾನೂನುಬದ್ಧ ಅವಕಾಶ ನಿಮಗಿದೆ ಎಂಬ ಖಾತರಿ ಯೋಜನೆಗೆ ಬೇಕು. ವಿದ್ಯಾರ್ಥಿ ವೀಸಾದವರಿಗೆ ಪದವಿಯ ನಂತರ ಸಿಗುವ ಪ್ರಾಯೋಗಿಕ ತರಬೇತಿಯ ಅವಧಿ ಸಾಮಾನ್ಯವಾಗಿ 12 ತಿಂಗಳು. ವಿಜ್ಞಾನ, ತಂತ್ರಜ್ಞಾನ ಪದವೀಧರರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಸಮಾಜಕಾರ್ಯಕ್ಕೆ ಅನ್ವಯಿಸುವುದಿಲ್ಲ. ಹೀಗಾಗಿ ಲೆಕ್ಕವೇ ಕೂಡುವುದಿಲ್ಲ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಕನ್ನಡಿಗರ ಮಕ್ಕಳಿಗೆ ಈ ಅಡ್ಡಿ ಇಲ್ಲ. ಬೋಧನಾ ಸಹಾಯಕರ ಹುದ್ದೆ, ವಿಶ್ವವಿದ್ಯಾಲಯದ ಸ್ವಂತ ಶುಲ್ಕ ರಿಯಾಯಿತಿ ಇವು ನಿಮಗೆ ಹೆಚ್ಚು ಹೊಂದುವ ದಾರಿಗಳು.

ಪ್ರಶ್ನೆ: ಹಣ ಕೊಟ್ಟು ಓದಿಸಿದವರು ನಿಜಕ್ಕೂ ಆ ಕೆಲಸದಲ್ಲಿ ಉಳಿಯುತ್ತಾರೆಯೇ, ಅಥವಾ ಬಾಂಡ್ ಮುಗಿದ ದಿನವೇ ಹೊರಟುಹೋಗುತ್ತಾರೆಯೇ?
ಸಮಾಜಕಾರ್ಯದ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಈ ಯೋಜನೆಗಳ ಹಿಂದಿರುವ ಮುಖ್ಯ ಚಿಂತೆಯೇ ಇದು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2003ರಲ್ಲಿ ಕೊಟ್ಟ ವರದಿಯಲ್ಲಿ ಮಕ್ಕಳ ಕಲ್ಯಾಣ ಸಿಬ್ಬಂದಿಯಲ್ಲಿ ವರ್ಷಕ್ಕೆ ನೂರಕ್ಕೆ 30ರಿಂದ 40ರಷ್ಟು ಮಂದಿ ಕೆಲಸ ಬಿಡುತ್ತಾರೆಂದೂ ಅವರ ಸರಾಸರಿ ಸೇವಾವಧಿ ಎರಡು ವರ್ಷಕ್ಕಿಂತ ಕಡಿಮೆ ಎಂದೂ ಅಂದಾಜಿಸಿತ್ತು. ಅಂಥ ಕಡೆ ಎರಡು ವರ್ಷದ ಕರಾರೇ ಒಂದು ಸಾಧನೆ. ಕರಾರಿನ ಅವಧಿಯಲ್ಲಿ ಬಹುಪಾಲು ಜನ ಉಳಿಯುತ್ತಾರೆ. ಅದರಾಚೆಗೆ ಉಳಿಯುವುದನ್ನು ಸ್ಟೈಪೆಂಡ್ ನಿರ್ಧರಿಸುವುದಿಲ್ಲ. ಮೇಲ್ವಿಚಾರಕರು ಎಂಥವರು, ತಲೆಗೆ ಎಷ್ಟು ಮಕ್ಕಳ ಹೊಣೆ ಎಂಬುದು ನಿರ್ಧರಿಸುತ್ತದೆ. ಒಬ್ಬ ಕೆಲಸಗಾರರಿಗೆ 12ರಿಂದ 15 ಪೋಷಕ ಆರೈಕೆಯ ಮಕ್ಕಳು ಎಂಬುದು ಅಲ್ಲಿನ ಮಕ್ಕಳ ಕಲ್ಯಾಣ ಸಂಸ್ಥೆಗಳ ಒಕ್ಕೂಟವೊಂದು ಸೂಚಿಸಿದ ಮಿತಿ. ಅದರ ಎರಡರಷ್ಟು ಹೊರೆ ಹೊರಿಸಿದರೆ ಎಷ್ಟೇ ಚೆನ್ನಾಗಿ ಕಲಿತವರೂ ಬಿಟ್ಟು ಹೋಗುತ್ತಾರೆ, ಮತ್ತು ಅದನ್ನು ತರಬೇತಿಯ ಸೋಲೆಂದು ಕರೆಯುವುದು ನ್ಯಾಯವಲ್ಲ.

ಪೆನ್ಸಿಲ್ವೇನಿಯಾದ ಕ್ರಮ ನನಗೆ ಹೆಚ್ಚು ವಿವೇಕದ್ದಾಗಿ ಕಾಣುತ್ತದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ನಡೆಸುವ ಅಲ್ಲಿನ ಒಂದು ಯೋಜನೆ 1995ರಿಂದ ಈಗಾಗಲೇ ಕೌಂಟಿಗಳಲ್ಲಿ ದುಡಿಯುತ್ತಿರುವವರನ್ನೇ ಎಂ.ಎಸ್.ಡಬ್ಲ್ಯೂ.ಗೆ ಕಳುಹಿಸುತ್ತದೆ. ಕೆಲಸದ ಕಷ್ಟವನ್ನು ಕಂಡೂ ಬಿಡದವರು ಇವರು. ಓದು ಮುಗಿಸಿ ಮೇಲ್ವಿಚಾರಕರಾಗಿ ಮರಳಿದರೆ ಅವರ ಕೈಕೆಳಗಿನ ಹೊಸಬರು ಉಳಿಯಲೂ ಕಾರಣವಾಗುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಇಂಥದ್ದೇನಾದರೂ ಇದೆಯೇ? ಎಂ.ಎಸ್.ಡಬ್ಲ್ಯೂ. ಕ್ಷೇತ್ರಕಾರ್ಯಕ್ಕೆ ಬಸ್ ಚಾರ್ಜೂ ನಮ್ಮದೇ.
ವಿದ್ಯಾರ್ಥಿ, ಮಂಗಳೂರು

ಉತ್ತರ: ಮಕ್ಕಳ ರಕ್ಷಣೆಯ ಹುದ್ದೆಗೆಂದೇ ವಿದ್ಯಾರ್ಥಿಯನ್ನು ಹಣ ಕೊಟ್ಟು ಓದಿಸಿ, ಓದು ಮುಗಿದೊಡನೆ ಅದೇ ಹುದ್ದೆಗೆ ಕರೆದುಕೊಳ್ಳುವ ಕೇಂದ್ರದ ಯೋಜನೆ ನಮ್ಮಲ್ಲಿಲ್ಲ. ಹುದ್ದೆಗಳು ಮಾತ್ರ ಇವೆ. 2015ರ ಬಾಲನ್ಯಾಯ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇರಬೇಕು. ಮಕ್ಕಳ ರಕ್ಷಣೆಗೆ ಹಣ ಒದಗಿಸುವ ಮಿಷನ್ ವಾತ್ಸಲ್ಯ ಯೋಜನೆಯಡಿ ಅದರ ವೆಚ್ಚವನ್ನು ಕೇಂದ್ರ ಮತ್ತು ಕರ್ನಾಟಕ 60:40ರ ಪ್ರಮಾಣದಲ್ಲಿ ಹೊರುತ್ತವೆ. ಘಟಕದ ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು ಹೆಚ್ಚಾಗಿ ಗುತ್ತಿಗೆಯ ಮೇಲಿದ್ದಾರೆ. ಗುತ್ತಿಗೆ ಹುದ್ದೆಗೆ ಎರಡು ವರ್ಷದ ಬಾಂಡ್ ಬರೆಸಿಕೊಳ್ಳಲು ಸರ್ಕಾರಕ್ಕೆ ಯಾವ ನೈತಿಕ ಅಧಿಕಾರವಿದೆ? ಮೊದಲು ಹುದ್ದೆ ಖಾಯಂ ಆಗಬೇಕು, ಆಮೇಲೆ ಸ್ಟೈಪೆಂಡಿನ ಮಾತು ಎಂಬುದು ನನ್ನ ಅಭಿಪ್ರಾಯ. ಈ ಕ್ರಮ ತಿರುಗುಮುರುಗಾದರೆ ವಿದ್ಯಾರ್ಥಿಗಳು ಅಗ್ಗದ ಕೂಲಿಗಳಾಗುತ್ತಾರೆ.

ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಿಂದ ದೊಡ್ಡ ಕೆಲಸ ಹುಟ್ಟಬಲ್ಲದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿಯಿದೆ. 1098 ಮಕ್ಕಳ ಸಹಾಯವಾಣಿ 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರ ಯೋಜನೆಯಾಗಿ ಶುರುವಾದದ್ದು. ನೀವು ಸದ್ಯಕ್ಕೆ ಮಾಡಬಹುದಾದದ್ದು ಇಷ್ಟು: ಕ್ಷೇತ್ರಕಾರ್ಯವನ್ನು ಸಂಸ್ಥೆಯೊಂದರ ಕಡತ ಜೋಡಿಸುವುದರಲ್ಲಿ ಕಳೆಯದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ಮಕ್ಕಳ ಕಲ್ಯಾಣ ಸಮಿತಿಗೋ ಹಾಕಿಸಿಕೊಡುವಂತೆ ವಿಭಾಗದ ಮುಖ್ಯಸ್ಥರಿಗೆ ಬರೆದು ಕೇಳಿ. ಪ್ರಯಾಣಭತ್ಯೆಯ ಬೇಡಿಕೆಯನ್ನು ಅದೇ ಪತ್ರದಲ್ಲಿ ಸೇರಿಸಿ, ಸಹಪಾಠಿಗಳ ಸಹಿಯನ್ನೂ ಹಾಕಿಸಿ. ಮಗುವಿನ ಮನೆ, ಹಿನ್ನೆಲೆ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಬರೆಯಲು ಕಲಿಸುವ ಅಧಿಕಾರಿಯೊಬ್ಬರು ಅಲ್ಲಿ ಸಿಕ್ಕರೆ, ನೇಮಕಾತಿಯ ಸಂದರ್ಶನದಲ್ಲಿ ಆ ಅನುಭವಕ್ಕೆ ಬೆಲೆಯಿದೆ.